ಸಮುದ್ರದ ತಳ ಲೈವ್‌ನಲ್ಲಿ ಬಂತು, ಇಡೀ ಅರ್ಜೆಂಟೀನಾ ನೋಡಿತು. ನಮ್ಮ ಕಡಲಾಳ ನಮಗೆ ಕಾಣೋದು ಯಾವಾಗ?

2025ರ ಜುಲೈ ಕೊನೆಯ ವಾರ. ಮೀನುಗಾರಿಕೆ ನಿಷೇಧದ ಕಾಲವಾದ್ದರಿಂದ ಹೊನ್ನಾವರದ ದಕ್ಕೆಯಲ್ಲಿ ಟ್ರಾಲ್ ಬೋಟುಗಳು ಸಾಲಾಗಿ ನಿಂತಿದ್ದವು. ಊರಿಗೆ ಹೋಗಿದ್ದ ನಾನು ರಾತ್ರಿ ಹನ್ನೊಂದಕ್ಕೆ ಮೊಬೈಲಲ್ಲಿ ಯೂಟ್ಯೂಬ್ ಲೈವ್ ನೋಡ್ತಾ ಕೂತಿದ್ದೆ. ಕಡುಗಪ್ಪು ನೀರು, ಅದರ ಮಧ್ಯೆ ಒಂದಿಷ್ಟು ಬೆಳಕು, ಆ ಬೆಳಕಲ್ಲಿ ಕೆಸರಿನ ಮೇಲೆ ನಿಧಾನಕ್ಕೆ ಸಾಗುವ ಒಂದು ಸಮುದ್ರಸೌತೆ. ಹಿನ್ನೆಲೆಯಲ್ಲಿ ಸ್ಪ್ಯಾನಿಷ್ ಭಾಷೆಯ ಮಾತು, ನಗು. ವರ್ಷಗಟ್ಟಲೆ ದಕ್ಕೆಯಲ್ಲಿ ಮೀನು ಆರಿಸಿದ ಅಮ್ಮ ಪಕ್ಕಕ್ಕೆ ಬಂದು ಕೂತರು. ಸ್ವಲ್ಪ ಹೊತ್ತು ನೋಡಿ, "ಇಂಥದ್ದು ಬಲೆಯಲ್ಲಿ ಬರುವಾಗ ಬರೀ ಲೋಳೆ. ಜೀವ ಇರುವಾಗ ಹೀಗಿರ್ತದಾ?" ಅಂದರು.

ಅಮ್ಮ ಕೇಳಿದ್ದೇ ವಿಜ್ಞಾನಿಗಳ ಪ್ರಶ್ನೆಯೂ ಆಗಿತ್ತು.

ನಾವು ನೋಡ್ತಾ ಇದ್ದದ್ದು ದಕ್ಷಿಣ ಅಟ್ಲಾಂಟಿಕ್‌ನಲ್ಲಿರುವ ಮಾರ್ ದೆಲ್ ಪ್ಲಾತಾ ಎಂಬ ಕಡಲಡಿಯ ಕಣಿವೆ. ಅರ್ಜೆಂಟೀನಾದ ತೀರದಿಂದ ಸುಮಾರು 300 ಕಿ.ಮೀ. ದೂರದಲ್ಲಿದೆ. ಉತ್ತರದಿಂದ ಬರುವ ಬೆಚ್ಚಗಿನ ಬ್ರೆಜಿಲ್ ಪ್ರವಾಹವೂ ದಕ್ಷಿಣದಿಂದ ಬರುವ ತಣ್ಣನೆಯ ಮಾಲ್ವಿನಾಸ್ ಪ್ರವಾಹವೂ ಸೇರುವ ಜಾಗ ಅದು. ಅರ್ಜೆಂಟೀನಾದ ಸರ್ಕಾರಿ ಸಂಶೋಧನಾ ಮಂಡಳಿ ಕೊನಿಸೆಟ್‌ನ ವಿಜ್ಞಾನಿಗಳು 2012 ಮತ್ತು 2013ರಲ್ಲೇ 'ಪ್ಯುಯೆರ್ತೊ ದೆಸೆಯಾದೊ' ಹಡಗಿನಲ್ಲಿ ಮೂರು ಸಲ ಇಲ್ಲಿಗೆ ಹೋಗಿ ಮಾದರಿ ತಂದಿದ್ದರು. ಆದರೆ ಆಗ ಅವರ ಕೈಯಲ್ಲಿ ಇದ್ದದ್ದು ಬಲೆ. ಬಲೆ ಸತ್ತ ಪ್ರಾಣಿಯನ್ನು ಮೇಲೆ ತರುತ್ತೆ. ಅದು ಎಲ್ಲಿ ಕೂತಿತ್ತು, ಯಾರ ಜೊತೆಗಿತ್ತು, ಏನು ತಿಂತಿತ್ತು ಅನ್ನೋದು ಕೆಳಗೇ ಉಳಿದುಬಿಡುತ್ತೆ. ಹವಳವಾದರೆ ಮುರಿದು ಬರುತ್ತೆ, ಮೆತ್ತನೆ ಜೀವಿಯಾದರೆ ಗುರುತೇ ಸಿಗಲ್ಲ.

ಈ ಸಲ ಕೆಳಗಿಳಿದದ್ದು 'ಸುಬಾಸ್ಟಿಯನ್' ಎಂಬ ಆರ್‌ಒವಿ.

ಏನಿದು ಆರ್‌ಒವಿ?

ಮನುಷ್ಯರಿಲ್ಲದ, ಹಡಗಿನಿಂದಲೇ ನಡೆಸುವ ಜಲವಾಹನ. ಡ್ರೋನ್ ಇದ್ದ ಹಾಗೆ ಅಂದುಕೊಳ್ಳಬಹುದು, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ರೇಡಿಯೋ ಅಲೆಗಳು ಸಮುದ್ರದ ನೀರಲ್ಲಿ ಹೆಚ್ಚು ದೂರ ಹೋಗಲ್ಲ. ಹಾಗಾಗಿ ವಾಹನಕ್ಕೂ ಹಡಗಿಗೂ ಮಧ್ಯೆ ಕಿಲೋಮೀಟರ್‌ಗಟ್ಟಲೆ ಉದ್ದದ ಕೇಬಲ್ ಇರಲೇಬೇಕು. ಅದರೊಳಗೆ ವಿದ್ಯುತ್ ಕೆಳಗೆ ಹೋಗುತ್ತೆ, ಆಪ್ಟಿಕಲ್ ಫೈಬರ್ ಮೂಲಕ ವಿಡಿಯೋ ಮೇಲೆ ಬರುತ್ತೆ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುತ್ತೆ. ಸುಬಾಸ್ಟಿಯನ್ 4,500 ಮೀಟರ್‌ವರೆಗೆ ಇಳಿಯಬಲ್ಲದು. ಅಂದರೆ ನಾವು ನೆಲದ ಮೇಲೆ ಅನುಭವಿಸುವ ಒತ್ತಡದ 450 ಪಟ್ಟು ತಡೆದುಕೊಂಡು ಕೆಲಸ ಮಾಡುತ್ತೆ.

ಹಡಗಿನ ಕಂಟ್ರೋಲ್ ರೂಮಲ್ಲಿ ಪೈಲಟ್‌ಗಳು ಪರದೆ ನೋಡ್ತಾ ಅದನ್ನು ನಡೆಸುತ್ತಾರೆ. ಅದರ ಯಂತ್ರದ ಕೈ ಒಂದು ಕಲ್ಲನ್ನೋ ಹವಳದ ಚೂರನ್ನೋ ಎತ್ತಿ ಡಬ್ಬಿಗೆ ಹಾಕಬಲ್ಲದು, ಕೊಳವೆಯೊಂದು ಮೆತ್ತನೆ ಜೀವಿಗಳನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳಬಲ್ಲದು. ಅಕ್ಕಪಕ್ಕ ಬೀಳುವ ಎರಡು ಲೇಸರ್ ಚುಕ್ಕಿಗಳಿಂದ ಪ್ರಾಣಿಯನ್ನು ಮುಟ್ಟದೆಯೇ ಅಳತೆ ಸಿಗುತ್ತೆ. ಎಲ್ಲವನ್ನೂ ಗೋರಿಕೊಂಡು ಬರುವ ಬದಲು ಬೇಕಾದಷ್ಟನ್ನೇ ತರಬಹುದು. ಸಂರಕ್ಷಣೆಯ ದೃಷ್ಟಿಯಿಂದ ಇದು ಸಣ್ಣ ವಿಷಯವಲ್ಲ.

ನೋಡಿದವರು ಕೇಳುತ್ತಾರೆ

ಈ ಯಾನದಲ್ಲಿ ವಿಜ್ಞಾನಕ್ಕೆ ಹೊಸದಾಗಿರಬಹುದಾದ 40ಕ್ಕೂ ಹೆಚ್ಚು ಪ್ರಭೇದಗಳು ಸಿಕ್ಕಿವೆ ಎಂದು ತಂಡ ಹೇಳಿತು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯೇ ಸಂಗತಿ. ಸಾವಿರಾರು ಜನ ಒಟ್ಟಿಗೆ, ಗಂಟೆಗಟ್ಟಲೆ, ಕೆಸರನ್ನೂ ಸಮುದ್ರಸೌತೆಯನ್ನೂ ನೋಡ್ತಾ ಕೂತಿದ್ದರು! ದುಂಡು ಹಿಂಬದಿಯ ನಕ್ಷತ್ರಮೀನಿಗೆ ಜನರೇ ಅಡ್ಡಹೆಸರಿಟ್ಟರು, ಮಕ್ಕಳು ಅದರ ಚಿತ್ರ ಬರೆದರು, ಮೀಮ್‌ಗಳು ಹರಿದಾಡಿದವು. ಪ್ರೇಕ್ಷಕರ ಪ್ರಶ್ನೆಗಳಿಗೆ ವಿಜ್ಞಾನಿಗಳು ಅಲ್ಲೇ, ಅವರದೇ ಭಾಷೆಯಲ್ಲಿ ಉತ್ತರ ಕೊಟ್ಟರು.

ಇದು ನಡೆದ ಕಾಲ ಯಾವುದು ನೋಡಿ. 2023ರ ಚುನಾವಣೆಯಲ್ಲಿ ಹಾವಿಯೆರ್ ಮಿಲೇ ಗರಗಸ ಹಿಡಿದು ಪ್ರಚಾರ ಮಾಡಿದ್ದರು. ಸರ್ಕಾರಿ ಖರ್ಚನ್ನು ಕತ್ತರಿಸಿ ಹಾಕ್ತೀನಿ ಅನ್ನೋದು ಅದರ ಅರ್ಥ. ಕೊನಿಸೆಟ್ ಯಾಕೆ ಬೇಕು ಎಂದೂ ಕೇಳಿದ್ದರು. ಅಧಿಕಾರಕ್ಕೆ ಬಂದ ಕೂಡಲೇ ವಿಜ್ಞಾನ ಸಚಿವಾಲಯವೇ ಹೋಯಿತು, ಸಂಶೋಧಕರ ಸಂಬಳದ ಬೆಲೆ ಕುಸಿಯಿತು. "ಇವರು ಜನರ ದುಡ್ಡಲ್ಲಿ ಏನು ಮಾಡ್ತಾರೆ?" ಎಂಬ ಪ್ರಶ್ನೆಗೆ 2025ರಲ್ಲಿ ಕಡಲತಳದಿಂದ ನೇರ ಉತ್ತರ ಬಂತು. ಇದನ್ನು ಮಾಡ್ತಾರೆ, ನೀವೇ ನೋಡಿ.

ಹಾಗಂತ ಕಥೆ ಪೂರ್ತಿ ಸಿಹಿಯಲ್ಲ. ವಿಜ್ಞಾನಿಗಳು ಅರ್ಜೆಂಟೀನಾದ ಸಾರ್ವಜನಿಕ ಸಂಸ್ಥೆಗಳವರು. ಹಡಗು ಮತ್ತು ಆರ್‌ಒವಿ ಮಾತ್ರ ಗೂಗಲ್‌ನ ಮಾಜಿ ಮುಖ್ಯಸ್ಥ ಎರಿಕ್ ಷ್ಮಿಟ್ ಮತ್ತು ವೆಂಡಿ ಷ್ಮಿಟ್ ಸ್ಥಾಪಿಸಿದ ಅಮೆರಿಕದ ಸಂಸ್ಥೆಯದ್ದು. ಆ ಸಂಸ್ಥೆ ಮಾಹಿತಿಯನ್ನು ಎಲ್ಲರಿಗೂ ತೆರೆದಿಡುತ್ತೆ, ಅದು ಒಳ್ಳೆಯದೇ. ಆದರೆ ಒಂದು ದೇಶ ತನ್ನ ಸಮುದ್ರವನ್ನು ನೋಡೋಕೆ ಶ್ರೀಮಂತರೊಬ್ಬರ ಹಡಗಿಗೆ ಕಾಯಬೇಕಾ?

ಇದು ಅರ್ಜೆಂಟೀನಾದ ಸಮಸ್ಯೆ ಮಾತ್ರವಲ್ಲ. 2025ರ ಮೇ ತಿಂಗಳಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಮನುಷ್ಯರು ಈವರೆಗೆ ಕಣ್ಣಾರೆ ಕಂಡಿರುವುದು ಆಳಸಮುದ್ರ ತಳದ ಶೇ. 0.001ಕ್ಕಿಂತ ಕಡಿಮೆ ಭಾಗ. ಲೆಕ್ಕಕ್ಕೆ ಸಿಕ್ಕ ಇಳಿಯುವಿಕೆಗಳಲ್ಲಿ ಶೇ. 97ರಷ್ಟನ್ನು ನಡೆಸಿದ್ದು ಅಮೆರಿಕ, ಜಪಾನ್, ನ್ಯೂಜಿಲೆಂಡ್, ಫ್ರಾನ್ಸ್, ಜರ್ಮನಿ ಎಂಬ ಐದೇ ದೇಶಗಳು.

ನಮ್ಮ ಪಾಲಿನ ತಳ

ಭಾರತಕ್ಕೂ ಇಲ್ಲಿ ಪಾಲಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಆರ್‌ಒವಿ 'ರೋಸಬ್ 6000' 2010ರಲ್ಲೇ ಮಧ್ಯ ಹಿಂದೂ ಮಹಾಸಾಗರದಲ್ಲಿ 5,200 ಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅದೇ ಪ್ರದೇಶದಲ್ಲಿ 75,000 ಚದರ ಕಿ.ಮೀ. ತಳದ ಲೋಹದ ಗಂಟುಗಳನ್ನು ಹುಡುಕಲು ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ ಭಾರತದ ಒಪ್ಪಂದವಿದೆ. 2021ರಲ್ಲಿ ಕೇಂದ್ರ ಸಂಪುಟ 4,077 ಕೋಟಿ ರೂ.ಗಳ ಡೀಪ್ ಓಷನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಗಣಿಗಾರಿಕೆ ತಂತ್ರಜ್ಞಾನವೂ ಇದೆ, ಜೀವವೈವಿಧ್ಯ ಅಧ್ಯಯನವೂ ಇದೆ.

ಅಂದರೆ ನಿಕ್ಕಲ್, ಕೋಬಾಲ್ಟ್ ಎಷ್ಟಿದೆ ಎಂದು ನೋಡುವ ಕ್ಯಾಮೆರಾಕ್ಕೂ, ಅಲ್ಲಿ ಯಾರು ಬದುಕಿದ್ದಾರೆ ಎಂದು ನೋಡುವ ಕ್ಯಾಮೆರಾಕ್ಕೂ ವ್ಯತ್ಯಾಸವಿಲ್ಲ. ಈ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ, ಅವುಗಳ ಮೇಲೆಯೇ ಸ್ಪಂಜುಗಳೂ ಹವಳಗಳೂ ಅಂಟಿಕೊಂಡು ಬದುಕುತ್ತವೆ. 1989ರಲ್ಲಿ ಜರ್ಮನ್ ವಿಜ್ಞಾನಿಗಳು ಪೆರು ಕಡೆಯ ಪೆಸಿಫಿಕ್ ತಳವನ್ನು ಪ್ರಯೋಗಕ್ಕಾಗಿ ಉತ್ತು ಬಂದಿದ್ದರು. 26 ವರ್ಷಗಳ ನಂತರ ಅಲ್ಲಿ ಮತ್ತೆ ಕ್ಯಾಮೆರಾ ಇಳಿಸಿದಾಗ ನೇಗಿಲ ಗೆರೆಗಳು ಹಾಗೇ ಇದ್ದವು. ಇದು ನಮಗೆ ಗೊತ್ತಾದದ್ದು ಮತ್ತೆ ಹೋಗಿ ನೋಡಿದ್ದರಿಂದ.

ಅದಕ್ಕೇ ನನ್ನ ಒತ್ತಾಯ ಇಷ್ಟು. ತೆರಿಗೆ ಹಣದಲ್ಲಿ ಕೆಳಗಿಳಿಯುವ ಕ್ಯಾಮೆರಾ ಕಂಡದ್ದನ್ನು ತೆರಿಗೆ ಕಟ್ಟಿದವರಿಗೂ ತೋರಿಸಿ. ಲೈವ್ ಆಗಿ, ಕನ್ನಡ, ತಮಿಳು, ಮಲಯಾಳಂ, ಬಂಗಾಳಿ ವಿವರಣೆಯ ಜೊತೆ. ತಳವನ್ನು ಅಗೆಯಬೇಕಾ ಬೇಡ್ವಾ ಅನ್ನೋ ಚರ್ಚೆ ಅದಾದ ಮೇಲೆ ನಡೆಯಲಿ. ಏನು ಕಳೆದುಕೊಳ್ತೀವಿ ಅಂತ ನೋಡದವರ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ.

ಆ ರಾತ್ರಿ ಅಮ್ಮ ಮಲಗಿದಾಗ ಒಂದು ಗಂಟೆ ದಾಟಿತ್ತು. ಅವರಿಗೆ ಸ್ಪ್ಯಾನಿಷ್ ಒಂದು ಪದವೂ ಬರಲ್ಲ. ಬೆಳಗ್ಗೆ ಎದ್ದವರೇ ಕೇಳಿದ್ದು: "ಅದು ಇವತ್ತೂ ಉಂಟಾ?"