‘ನಂದು ಐಎನ್‌ಎಫ್‌ಜೆ’ ಎನ್ನುವ ಮೊದಲು

ದ್ವಿತೀಯ ಪಿಯು ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಸಿಂದಗಿಯ ಹುಡುಗ ಹುಡುಗಿಯರ ಮೊಬೈಲಿನಲ್ಲಿ ಹರಿದಾಡುವ ಲಿಂಕುಗಳಲ್ಲಿ ವ್ಯಕ್ತಿತ್ವ ಪರೀಕ್ಷೆಯದೂ ಒಂದು. ಹತ್ತು ನಿಮಿಷ ಉತ್ತರ ಒತ್ತುತ್ತ ಹೋದರೆ ನಾಲ್ಕು ಇಂಗ್ಲಿಷ್ ಅಕ್ಷರ ಸಿಗುತ್ತವೆ. ‘ನಂದು ಐಎನ್‌ಎಫ್‌ಜೆ ಬಂದೈತಿ, ಲೆಕ್ಕಪತ್ರ ನನಗ ಒಗ್ಗಂಗಿಲ್ಲಂತ’ ಎಂದು ಮಗಳು ಅಂದರೆ, ‘ಹಂಗಾದ್ರ ಬಿಕಾಂ ಬ್ಯಾಡೇನವಾ?’ ಎಂದು ಅಪ್ಪ ಗಾಬರಿಯಾಗುತ್ತಾನೆ. ಇನ್ನಷ್ಟು ಓದಿಕೊಂಡವರು ‘ಕಾಗ್ನಿಟಿವ್ ಫಂಕ್ಷನ್’ ಎಂಬ ಮಾತು ತರುತ್ತಾರೆ. ತಪ್ಪು ತಿಳಿವಳಿಕೆ ದಟ್ಟವಾಗಿರುವುದು ಇಲ್ಲಿಯೇ.

ಈ ಫಂಕ್ಷನ್‌ಗಳು ಮೆದುಳಿನ ಭಾಗಗಳು, ಒಬ್ಬೊಬ್ಬರಿಗೆ ಒಂದೊಂದು ಎಂಬುದು ಮೊದಲ ನಂಬಿಕೆ. ಹಾಗೇನಿಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ತಮ್ಮ ವೈದ್ಯಕೀಯ ಅನುಭವ ಮತ್ತು ಓದಿನ ಬಲದಿಂದ 1921ರ ಪುಸ್ತಕವೊಂದರಲ್ಲಿ ಮನಸ್ಸಿನ ನಾಲ್ಕು ವ್ಯಾಪಾರಗಳನ್ನು ಹೆಸರಿಸಿದರು: ಸಂವೇದನೆ, ಅಂತಃಪ್ರಜ್ಞೆ, ವಿಚಾರ, ಭಾವ. ಪ್ರತಿಯೊಂದೂ ಅಂತರ್ಮುಖಿ ಇಲ್ಲವೇ ಬಹಿರ್ಮುಖಿ, ಹೀಗೆ ಎಂಟು. ಮೆದುಳನ್ನು ಸ್ಕ್ಯಾನ್ ಮಾಡಿ ಕಂಡುಕೊಂಡದ್ದಲ್ಲ ಇದು. ನಾಲ್ಕೂ ಎಲ್ಲರಲ್ಲಿ ಇರುತ್ತವೆ, ಯಾವುದೋ ಒಂದು ಮುಂದಾಗಿರುತ್ತದೆ ಎಂಬುದು ಅವರ ವಾದ.

ನಮ್ಮ ಎಪಿಎಂಸಿಗೆ ತೊಗರಿ ತಂದ ರೈತನನ್ನೇ ನೋಡಿ. ಚೀಲದಿಂದ ಒಂದು ಹಿಡಿ ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದು ಹಸಿ ಆರಿದೆಯೇ ಎಂದು ತಿಳಿಯುವುದು ಸಂವೇದನೆ. ‘ಇನ್ನೆಂಟು ದಿನ ತಡದ್ರ ರೇಟ್ ಏರತೈತಿ’ ಎಂದು ಒಳಗೆ ಹೊಳೆಯುವುದು ಅಂತಃಪ್ರಜ್ಞೆ. ಹಮಾಲಿ, ಗಾಡಿ ಬಾಡಿಗೆ, ಸಾಲದ ಬಡ್ಡಿ ಕೂಡಿಸಿ ಕಳೆದು ನೋಡುವುದು ವಿಚಾರ. ನಾಲ್ಕು ರೂಪಾಯಿ ಕಡಿಮೆ ಬಂದರೂ ಚಿಂತಿಲ್ಲ, ಬರಗಾಲದಲ್ಲಿ ಕೈಹಿಡಿದವನ ಅಡತಿ ಅಂಗಡಿಗೇ ಮಾಲು ಇಳಿಸುತ್ತೇನೆ ಎಂದು ತೀರ್ಮಾನಿಸುವುದು ಭಾವ. ಒಬ್ಬನೇ ಮನುಷ್ಯ, ಒಂದೇ ತಾಸು, ನಾಲ್ಕೂ ಕೆಲಸ. ಇಲ್ಲಿ ಭಾವಕ್ಕೂ ಕಣ್ಣೀರಿಗೂ ಸಂಬಂಧವಿಲ್ಲ ಎಂಬುದನ್ನು ಗಮನಿಸಿ. ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂದು ತೂಗುವ ಕ್ರಿಯೆ ಅದು. ಯೂಂಗ್ ಅದನ್ನು ವಿಚಾರದ ಜೊತೆಗೇ, ವಿವೇಚನೆಯ ಸಾಲಿನಲ್ಲಿ ಇಟ್ಟಿದ್ದರು. ‘ಎಫ್ (ಭಾವ) ಬಂದವರು ಅಳುಬುರುಕರು, ಟಿ (ವಿಚಾರ) ಬಂದವರು ಕಲ್ಲೆದೆಯವರು’ ಎಂಬ ಮಾತು ಎಲ್ಲಿಂದ ಹುಟ್ಟಿತೋ!

ಆ ನಾಲ್ಕಕ್ಷರಗಳಿಂದಾಗುವ ಹದಿನಾರು ಪ್ರಕಾರಗಳನ್ನೂ ಯೂಂಗ್ ತಲೆಗೇ ಕಟ್ಟುವುದುಂಟು. ಅವು ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಮಾಡಿದ ವಿಂಗಡಣೆ. ತಾಯಿ ಮಗಳಿಬ್ಬರೂ ಮನೋವಿಜ್ಞಾನದಲ್ಲಿ ತರಬೇತಿ ಪಡೆದವರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರಶ್ನಾವಳಿ ಸಿದ್ಧವಾಯಿತು. ಯೂಂಗ್ ಹೇಳದ ಜೆ–ಪಿ (ತೀರ್ಮಾನ–ಗ್ರಹಿಕೆ) ಜೋಡಿಯೂ ಸೇರಿಕೊಂಡಿತು. ಇಂಥ ಪ್ರಕಾರದವರಿಗೆ ಇಂಥ ಫಂಕ್ಷನ್ ಮೊದಲು, ಇಂಥದು ಕೊನೆಗೆ ಎಂಬ ಪಟ್ಟಿಗೆ ಸಂಶೋಧನೆಯ ಆಧಾರ ಬಲು ತೆಳು. ತಮಾಷೆಯೆಂದರೆ, ಮೊಬೈಲಿನಲ್ಲಿ ಬಹಳ ಜನ ಒತ್ತುವ ‘16 ಪರ್ಸನಾಲಿಟೀಸ್’ ಪರೀಕ್ಷೆ ಈ ಫಂಕ್ಷನ್‌ಗಳನ್ನು ಅಳೆಯುವುದೇ ಇಲ್ಲ.

‘ಏನರ ಅನ್ರಿ, ನನಗ ಬಂದಿದ್ದು ಪಕ್ಕಾ ಹೊಂದತೈತಿ’ ಎನ್ನುವವರಿಗೆ 1948ರ ಒಂದು ಪ್ರಯೋಗ ಹೇಳಬೇಕು. ಬರ್ಟ್ರಮ್ ಫೋರರ್ ಎಂಬ ಮನೋವಿಜ್ಞಾನಿ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ‘ಇದು ನಿನ್ನ ವ್ಯಕ್ತಿತ್ವ’ ಎಂದು ಒಬ್ಬೊಬ್ಬರಿಗೂ ಒಂದು ವರದಿ ಕೈಗಿತ್ತರು. ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ. ಅದರ ಬಹುಪಾಲು ವಾಕ್ಯಗಳು ಜ್ಯೋತಿಷ್ಯದ ಪುಸ್ತಕದವು.

ಇನ್ನು ಅಕ್ಷರಗಳು ಜೀವಮಾನಕ್ಕೆ ಅಂಟಿದವೇ? ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ತೆಗೆದುಕೊಂಡ ಬಹಳ ಜನರಿಗೆ ಒಂದಾದರೂ ಅಕ್ಷರ ಬದಲಾಗುತ್ತದೆ. ಕಾರಣ ಸರಳ: ಹೆಚ್ಚಿನವರು ಅಂತರ್ಮುಖಿಗೂ ಬಹಿರ್ಮುಖಿಗೂ ನಡುವೆಯೇ ಇರುತ್ತಾರೆ. 51 ಬಂದವಳಿಗೆ ಒಂದು ಅಕ್ಷರ, 49 ಬಂದವಳಿಗೆ ಇನ್ನೊಂದು.

ವೃತ್ತಿ ಸಲಹೆಗೆ ಮೈಯರ್ಸ್–ಬ್ರಿಗ್ಸ್ ಪರೀಕ್ಷೆ ಬಳಸಲು ಸಾಕಷ್ಟು ಪುರಾವೆಯಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 1991ರಲ್ಲೇ ಹೇಳಿತು. ನೌಕರಿಗೆ ಜನ ಆರಿಸಲು ಬಳಸಬೇಡಿ ಎಂದು ಮೂಲ ಪರೀಕ್ಷೆ ಮಾರುವ ಕಂಪನಿಯೇ ಹೇಳುತ್ತದೆ. ಹಾಗಿರುವಾಗ ಡಿಗ್ರಿ ಅರ್ಜಿ ತುಂಬುವ ಮಕ್ಕಳ ಮುಂದೆ ಆ ನಾಲ್ಕಕ್ಷರ ಇಡಬೇಡಿ. ಯಾವ ವಿಷಯ ಓದಲು ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ ಎಂದು ಅವರನ್ನೇ ಕೇಳಿ, ಅವರಿಗೆ ಪಾಠ ಮಾಡಿದ ಮಾಸ್ತರರನ್ನೂ ಕೇಳಿ.