ಹೊಳೆಯುವ ಚುಕ್ಕೆಯ ಗುರುತು

ಸೂರ್ಯಾಸ್ತದ ಬಳಿಕ ಮೊತ್ತಮೊದಲು ಕಾಣುವ ಉಜ್ಜ್ವಲ ಚುಕ್ಕೆಯನ್ನು ನಾವು ನಕ್ಷತ್ರವೆಂದೇ ಕರೆಯುವುದುಂಟು. ಅದು ಗ್ರಹವೂ ಆಗಿರಬಹುದು. ಮಾನವನು ಹಾರಿಸಿದ ಉಪಗ್ರಹವೂ ಆಗಿರಬಹುದು. ಹಿತ್ತಿಲಿನಲ್ಲಿ ನಿಲ್ಲಿಸಬಹುದಾದ ಚಿಕ್ಕ ದೂರದರ್ಶಕವೊಂದಿದ್ದರೆ ಇದನ್ನು ನಾವೇ ನಿರ್ಣಯಿಸಬಹುದು. ಅದು ಹೇಗೆಂಬುದನ್ನು ವಿಚಾರಮಾಡೋಣ.

ದೂರದರ್ಶಕವನ್ನು ತಿರುಗಿಸುವ ಮೊದಲು ಚುಕ್ಕೆಯಿರುವ ಸ್ಥಾನವನ್ನು ಗಮನಿಸಬೇಕು. ಶುಕ್ರನು ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಹೆಚ್ಚು ದೂರ ಸರಿಯನು. ಆದುದರಿಂದ ನಡುರಾತ್ರಿ ನೆತ್ತಿಯ ಮೇಲೆ ಬೆಳಗುವ ಚುಕ್ಕೆ ಶುಕ್ರನಲ್ಲ. ಕಲಬುರಗಿ ಜಿಲ್ಲೆಯ ಚೌಡಾಪುರವು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಫೆಬ್ರವರಿಯ ನಡುಭಾಗದಲ್ಲಿ ರಾತ್ರಿ ಸುಮಾರು 9 ಗಂಟೆಗೆ ಅಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ, ದಿಗಂತದಿಂದ ಸುಮಾರು 56 ಡಿಗ್ರಿ ಎತ್ತರದಲ್ಲಿ ಲುಬ್ಧಕವೂ 20 ಡಿಗ್ರಿ ಎತ್ತರದಲ್ಲಿ ಅಗಸ್ತ್ಯವೂ ಕಾಣುತ್ತವೆ. ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾಗಿ ತೋರುವ ಎರಡು ನಕ್ಷತ್ರಗಳು ಇವೇ. ಗ್ರಹಗಳಾದರೋ ಅಗಸ್ತ್ಯದಂತೆ ದಕ್ಷಿಣದಂಚಿಗೆ ಹೋಗುವುದಿಲ್ಲ. ಸೂರ್ಯನು ಸಂಚರಿಸುವ ಪಥದ ಆಸುಪಾಸಿನಲ್ಲಿಯೇ ಇರುತ್ತವೆ.

ಈಗ ದೂರದರ್ಶಕದಿಂದ ನೋಡೋಣ. ಒಂದು ಡಿಗ್ರಿಯ 3600ನೆಯ ಭಾಗಕ್ಕೆ ವಿಕಲೆಯೆಂದು ಹೆಸರು. ಚಂದ್ರಬಿಂಬದ ಅಗಲ ಸುಮಾರು 1800 ವಿಕಲೆ. ಗುರುಗ್ರಹವು ಭೂಮಿಗೆ ಸಮೀಪವಾದಾಗ ಅದರ ಅಗಲ ಸುಮಾರು 45 ವಿಕಲೆ. ಅದನ್ನು 40 ಪಟ್ಟು ದೊಡ್ಡದು ಮಾಡಿದರೆ, ಬರಿಗಣ್ಣಿಗೆ ಚಂದ್ರನು ತೋರುವಷ್ಟೇ ಅಗಲವಾದ ಬಿಂಬ ದೊರೆಯುತ್ತದೆ. ಪಕ್ಕದಲ್ಲಿ ಒಂದೇ ಸಾಲಿನಲ್ಲಿ ನಾಲ್ಕರವರೆಗೆ ಚಿಕ್ಕ ಚುಕ್ಕೆಗಳಿದ್ದರೆ ಸಂಶಯವೇ ಉಳಿಯುವುದಿಲ್ಲ. 1610ರಲ್ಲಿ ಗೆಲಿಲಿಯೊ ಕಂಡ ಉಪಗ್ರಹಗಳು ಅವು. ಅದೇ ವರ್ಷ ಅವನು ಶುಕ್ರನಿಗೂ ಚಂದ್ರನಂತೆ ವೃದ್ಧಿಕ್ಷಯಗಳಿರುವುದನ್ನು ಕಂಡನು.

ಲುಬ್ಧಕದ ಅಗಲವಾದರೋ 0.006 ವಿಕಲೆ ಮಾತ್ರ. ನೂರು ಪಟ್ಟು ಹೆಚ್ಚಿಸಿದರೂ ಅದು 0.6 ವಿಕಲೆಯನ್ನು ಮೀರದು. ನಮ್ಮ ಕಣ್ಣು ಸುಮಾರು 60 ವಿಕಲೆಗಿಂತ ಚಿಕ್ಕದಾದುದರ ಆಕಾರವನ್ನು ಗುರುತಿಸಲಾರದು. ಆದುದರಿಂದ ಹಿತ್ತಿಲಿನ ದೂರದರ್ಶಕದಲ್ಲಿ ನಕ್ಷತ್ರವು ಎಂದಿಗೂ ಚುಕ್ಕೆಯೇ.

ಆದರೆ ಇಲ್ಲಿ ಹೊಸಬರನ್ನು ಮೋಸಗೊಳಿಸುವ ಸಂಗತಿಯೊಂದಿದೆ. ನಾಭಿ ಸರಿಯಾಗಿ ಹೊಂದದಿದ್ದರೆ ನಕ್ಷತ್ರವೂ ಅಗಲವಾದ ತಟ್ಟೆಯಂತೆ ತೋರುತ್ತದೆ. ಕನ್ನಡಿಯ ದೂರದರ್ಶಕದಲ್ಲಿ ಆ ತಟ್ಟೆಯ ನಡುವೆ ಕಪ್ಪು ತೂತೂ ಕಾಣುತ್ತದೆ. ಇದು ಯಾವ ಗ್ರಹದ ಮುಖವೂ ಅಲ್ಲ, ದೂರದರ್ಶಕದ ಬಾಯಿಯ ಆಕಾರ. ನಾಭಿಯ ತಿರುಗಣೆಯನ್ನು ಮೆಲ್ಲನೆ ತಿರುಗಿಸಿ ಬಿಂಬವನ್ನು ಅತ್ಯಂತ ಚಿಕ್ಕದಾಗಿಸಿರಿ. ಆಗಲೂ ಅಂಚು ಸ್ಪಷ್ಟವಾದ ಬಿಂಬ ಉಳಿದರೆ ಅದು ಗ್ರಹ. ಕುಗ್ಗಿ ಚುಕ್ಕೆಯಾದರೆ ನಕ್ಷತ್ರವೆಂದು ತಿಳಿಯಬಹುದು. ದಿಗಂತದ ಬಳಿ ಲುಬ್ಧಕವು ಕೆಂಪು, ಹಸಿರು, ನೀಲಿಯಾಗಿ ಮಿನುಗುವುದಕ್ಕೆ ಕಾರಣ ನಮ್ಮ ವಾಯುಮಂಡಲದ ಚಲನೆಯೇ ಹೊರತು ನಕ್ಷತ್ರವಲ್ಲ.

ಚಲನೆಯೂ ಒಂದು ಗುರುತು. ಅರ್ಧ ಡಿಗ್ರಿ ಅಗಲದ ನೋಟವುಳ್ಳ ದೂರದರ್ಶಕವನ್ನು ಅಲುಗಿಸದೆ ಇಟ್ಟರೆ, ಭೂಮಿಯ ಆವರ್ತನೆಯಿಂದಾಗಿ ಗುರುವಾಗಲಿ ಲುಬ್ಧಕವಾಗಲಿ ಅದನ್ನು ದಾಟಲು ಸುಮಾರು 2 ಮಿನಿಟು ಬೇಕು. 1998ರಿಂದ ಭೂಮಿಯನ್ನು ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಕೆಲವೇ ಮಿನಿಟುಗಳಲ್ಲಿ ಇಡೀ ಆಕಾಶವನ್ನೇ ದಾಟಿಬಿಡುತ್ತದೆ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಶುಕ್ರನನ್ನು ಹುಡುಕುವವರು ಸೂರ್ಯನು ಪೂರ್ಣವಾಗಿ ಮುಳುಗಿದ ಮೇಲೆಯೇ ದೂರದರ್ಶಕವನ್ನು ಪಶ್ಚಿಮಕ್ಕೆ ತಿರುಗಿಸಬೇಕು. ಅದರ ಮೂಲಕ ಸೂರ್ಯನನ್ನು ಕ್ಷಣಮಾತ್ರ ನೋಡಿದರೂ ಕಣ್ಣು ಶಾಶ್ವತವಾಗಿ ಹೋಗಬಹುದು.

ಇಷ್ಟಾದರೂ ಸಂಶಯ ಉಳಿದರೆ, ನೆರೆಯ ನಕ್ಷತ್ರಗಳೊಡನೆ ಆ ಚುಕ್ಕೆಯ ಚಿತ್ರವನ್ನು ಬರೆದಿಟ್ಟು ಕೆಲವು ವಾರಗಳ ಬಳಿಕ ಮತ್ತೆ ಹೋಲಿಸಿ ನೋಡಬೇಕು. ನಕ್ಷತ್ರಗಳ ನಡುವೆ ಅದು ಸ್ಥಳ ಬದಲಿಸಿದ್ದರೆ ಗ್ರಹವೆಂದೇ ಅರ್ಥ. ನಮ್ಮ ಪೂರ್ವಿಕರು ದೂರದರ್ಶಕವಿಲ್ಲದೆ ಗ್ರಹಗಳನ್ನು ಬೇರ್ಪಡಿಸಿದುದು ಈ ಲಕ್ಷಣದಿಂದಲೇ. ಒಂದು ಪೆನ್ಸಿಲು, ಒಂದು ಹಾಳೆ, ತುಸು ತಾಳ್ಮೆ ಇದ್ದರೆ ನಾವೂ ಇದನ್ನು ಮಾಡಬಹುದು.