ಲೈಕ್ ಬಂತು, ಆರ್ಡರ್ ಯಾಕೆ ಬರಲಿಲ್ಲ?

ಇಳಕಲ್ ಸೀರೆ ಬೆಂಗಳೂರಿಗೋ ಬೋಸ್ಟನ್ನಿಗೋ ಹೋಗಬೇಕಾದರೆ ಈಗ ನಡುವೆ ಶೋರೂಮ್ ಇರಲೇಬೇಕೆಂದಿಲ್ಲ. ಒಂದು ಫೋನು, ಯುಪಿಐ, ಊರಲ್ಲೊಂದು ಕೊರಿಯರ್ ಕಚೇರಿ ಇದ್ದರೆ ಮಗ್ಗದ ಮನೆಯಿಂದಲೇ ವ್ಯಾಪಾರ ನಡೆಯುತ್ತದೆ. ಹಾಗೆ ಇಳಿದವರಲ್ಲಿ ಅನೇಕರ ದೂರು ಮಾತ್ರ ಒಂದೇ: ರೀಲ್ ಸಾವಿರಾರು ಜನ ನೋಡಿದರು, ಲೈಕ್ ಒತ್ತಿದರು, ಸೀರೆ ಇನ್ನೂ ಕಪಾಟಿನಲ್ಲೇ ಇದೆ.

ರೀಲ್ ನೋಡುವವರು ಸಂತೆಯಲ್ಲಿ ಹಾದುಹೋಗುವ ಜನ, ವಾಟ್ಸ್‌ಆ್ಯಪ್‌ನಲ್ಲಿ ಮಾತಿಗೆ ಬಂದವರು ಅಂಗಡಿಯ ಕಟ್ಟೆ ಮೇಲೆ ಕೂತ ಗಿರಾಕಿಗಳು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ. ಎರಡೂ ಕಡೆ ಕೆಲಸ ಹೇಗೆ ನಡೆಯುತ್ತದೆ ಎಂಬುದು ಇಲ್ಲಿದೆ.

ರೀಲ್ ಯಾರಿಗೆ ಕಾಣುತ್ತದೆ?

ಇನ್‌ಸ್ಟಾಗ್ರಾಂನಲ್ಲಿ ಮೊದಲು ಹೊಸ ಚಿತ್ರ ಮೇಲೆ, ಹಳೆಯದು ಕೆಳಗೆ ಎಂಬ ನೇರ ಲೆಕ್ಕ ಇತ್ತು. 2016ರಲ್ಲಿ ಅದು ಹೋಗಿ, ಯಾರಿಗೆ ಯಾವುದು ಹಿಡಿಸೀತು ಎಂದು ಅಂದಾಜು ಮಾಡಿ ತೋರಿಸುವ ಪದ್ಧತಿ ಬಂತು. 2020ರ ಜೂನ್ ಕೊನೆಗೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಶುರುಮಾಡಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಅಲ್ಲಿಂದ ಮುಂದೆ, ನಿಮ್ಮನ್ನು ಫಾಲೋ ಮಾಡದವರ ಪರದೆಗೂ ನಿಮ್ಮ ವಿಡಿಯೊ ಹೋಗುವುದು ಸಾಮಾನ್ಯವಾಯಿತು.

ಯಾವ ವಿಡಿಯೊ ದೂರ ಹೋಗುತ್ತದೆ? ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಂ ಮೊಸೆರಿ ಹೇಳಿರುವ ಪ್ರಕಾರ ಮೂರು ಸಂಗತಿಗಳಿಗೆ ಹೆಚ್ಚು ತೂಕ: ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿ ಲೈಕ್ ಮಾಡಿದರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳಿಸಿದರು. ಈಗಾಗಲೇ ಫಾಲೋ ಮಾಡುತ್ತಿರುವವರ ಬಳಿ ಲೈಕ್ ತುಸು ಹೆಚ್ಚು ನಡೆಯುತ್ತದೆ. ಅಪರಿಚಿತರನ್ನು ತಲುಪಲು ಬೇಕಾದದ್ದು ಕಳಿಸುವಿಕೆ. ‘ಅಕ್ಕನ ಮಗಳ ಮದುವೆಗೆ ಇದು ನೋಡು’ ಎಂದು ಒಬ್ಬಾಕೆ ತಂಗಿಗೆ ದಾಟಿಸುವಂಥ ವಿಡಿಯೊ, ಬರೀ ಚೆಂದ ಕಾಣುವ ವಿಡಿಯೊಗಿಂತ ಮುಂದೆ ಹೋಗುತ್ತದೆ. ಬೇರೆ ಆ್ಯಪಿನ ಮುದ್ರೆ ಉಳಿದಿರುವ, ಮಸುಕಾದ, ಇನ್ನೊಬ್ಬರಿಂದ ಎತ್ತಿ ಹಾಕಿದ ವಿಡಿಯೊಗಳನ್ನು ಹೊಸಬರಿಗೆ ತೋರಿಸುವುದು ಕಡಿಮೆ.

ಕ್ಯಾಮೆರಾಗೆ ಬೇಕಾದದ್ದು

ಈ ಲೆಕ್ಕಾಚಾರ ಕಸುಬಿನ ಒಳಗೂ ಕೈ ಹಾಕುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಬೆರಳುಗಳು ಒಂದೊಂದೇ ಎಳೆ ಎತ್ತಿ ಸಿಕ್ಕಿಸುವುದನ್ನು ಹತ್ತಿರದಿಂದ ತೋರಿಸಿದರೆ ನೋಡುಗ ಕಣ್ಣು ಕದಲಿಸುವುದಿಲ್ಲ. ಅದೇ ಒಡಲು ನೇಯುವ ದಿನಗಟ್ಟಲೆಯ ದುಡಿಮೆ ಪರದೆಯ ಮೇಲೆ ಸಪ್ಪೆ. ಮೊದಲ ಮೂರು ಸೆಕೆಂಡಿನಲ್ಲಿ ಏನೂ ನಡೆಯದಿದ್ದರೆ ಬೆರಳು ಮೇಲಕ್ಕೆ ಜಾರುತ್ತದೆ.

ಹೀಗಾಗಿ ಕ್ಯಾಮೆರಾಗೆ ಹೊಳೆಯುವುದನ್ನೇ ನೇಯಿಸುವ ಆಸೆ ಹುಟ್ಟುತ್ತದೆ: ಝಗಝಗಿಸುವ ಬಣ್ಣ, ದೂರದಿಂದಲೇ ಎದ್ದು ಕಾಣುವ ಅಂಚು. ಸೂಕ್ಷ್ಮವಾದ ಚಿಕ್ಕಿ ಅಂಚು, ತಣ್ಣಗಿನ ಬಣ್ಣಗಳು ಹಿಂದೆ ಸರಿಯುತ್ತವೆ. ಇದಕ್ಕೆ ಉಪಾಯ ಸೀರೆ ಬದಲಿಸುವುದಲ್ಲ, ತೋರಿಸುವ ಬಗೆ ಬದಲಿಸುವುದು. ಚಿಕ್ಕ ಅಂಚಿದ್ದರೆ ಫೋನನ್ನು ಅಂಚಿನ ಹತ್ತಿರ ಒಯ್ಯಿರಿ. ಬೆಳಗಿನ ನೆರಳಿನಲ್ಲಿ, ಫಿಲ್ಟರ್ ಇಲ್ಲದೆ ಚಿತ್ರೀಕರಿಸಿರಿ. ದಾಳಿಂಬೆ ಕೆಂಪು ಫೋನಿನಲ್ಲಿ ಒಂದು, ಪಾರ್ಸೆಲ್ ಬಿಚ್ಚಿದಾಗ ಇನ್ನೊಂದು ಎಂದಾದರೆ ಸೀರೆ ವಾಪಸ್ ಬರುತ್ತದೆ.

ಸಂಗೀತಕ್ಕೂ ಒಂದು ಮಿತಿಯಿದೆ. ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳ ಪೂರ್ತಿ ಸಂಗ್ರಹ ಸಿಗುವುದಿಲ್ಲ, ವ್ಯಾಪಾರಕ್ಕೆ ಬಳಸಲು ಅನುಮತಿ ಇರುವವು ಮಾತ್ರ ಸಿಗುತ್ತವೆ. ಮಗ್ಗದ ಮನೆಗೆ ಇದರಿಂದ ನಷ್ಟವೇನಿಲ್ಲ. ಲಾಳಿ ಓಡುವ ಸದ್ದು ನಿಮ್ಮದೇ, ಅದರ ಮೇಲೆ ನೇಯುವವರ ಮಾತು ಇದ್ದರೆ ಇನ್ನೂ ಒಳ್ಳೆಯದು.

ಮಾತು ಕುದುರುವ ಜಾಗ

ಸಾವಿರಾರು ರೂಪಾಯಿಯ ಸೀರೆಯನ್ನು ಗುರುತಿಲ್ಲದವರಿಂದ ಕೊಳ್ಳುವ ಮುಂಚೆ ಯಾರಾದರೂ ನಾಲ್ಕು ಪ್ರಶ್ನೆ ಕೇಳುತ್ತಾರೆ.

‘ಅಕ್ಕಾರ, ಇದು ಕೈಮಗ್ಗದ್ದೇನ್ರಿ?’
‘ಹೌದ್ರಿ.’
‘ಒಡಲು ಹತ್ತೀದೋ, ಆರ್ಟ್ ಸಿಲ್ಕಿಂದೋ? ಸೆರಗಿನ ಹಿಂದಿನ ಮಗ್ಗಲು ಒಂಚೂರು ತೋರಸ್ರಿ.’

ವ್ಯಾಪಾರ ಕೂಡುವುದೂ ಮುರಿಯುವುದೂ ಈ ಮಾತಿನಲ್ಲೇ. ಒಡಲು ಯಾವ ನೂಲು, ಕೈಮಗ್ಗವೋ ಪವರ್‌ಲೂಮೋ, ಎಷ್ಟು ಗಜ, ರವಿಕೆ ಬಟ್ಟೆ ಇದೆಯೋ ಇಲ್ಲವೋ, ಬೆಲೆ ಎಷ್ಟು ಎಂಬುದನ್ನು ಮೊದಲೇ ಬರೆದಿಡಿ. ‘ದರಕ್ಕೆ ಮೆಸೇಜ್ ಮಾಡಿ’ ಎಂದಷ್ಟೇ ಬರೆದರೆ ಸಂಕೋಚದವರು ಕೇಳದೆ ಹೋಗುತ್ತಾರೆ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪಿನಲ್ಲಿ ಇದಕ್ಕೆಂದೇ ಕ್ಯಾಟಲಾಗ್ ಇದೆ. ಚಿತ್ರ, ಬೆಲೆ, ವಿವರ ಹಾಕಿಟ್ಟರೆ ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ಫೋಟೊ ಕಳಿಸುವ ಕಾಟ ತಪ್ಪುತ್ತದೆ.

ಹೊಸ ಸೀರೆ ಬಂದಾಗ ಹಳೆಯ ಗಿರಾಕಿಗಳಿಗೆ ತಿಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಬಳಸಬಹುದು. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಯಾರಿಗೂ ಮುಟ್ಟದ ಸಂದೇಶ ಕಳಿಸುತ್ತ ಇರುತ್ತಾರೆ. ಮೊದಲ ಸೀರೆ ಮಾರಿದ ದಿನವೇ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ’ ಎನ್ನಿ. ಗುಂಪು ಕಟ್ಟಿದರೆ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಕೊಳ್ಳುವವರಿಗೆ ಅದು ಕಿರಿಕಿರಿ, ಜೊತೆಗೆ ಪೈಪೋಟಿಯವರಿಗೆ ನಿಮ್ಮ ಗಿರಾಕಿಗಳ ಪಟ್ಟಿ ಬಿಟ್ಟಿಯಾಗಿ ಸಿಕ್ಕಂತಾಗುತ್ತದೆ.

ಹಣದ ವಿಷಯದಲ್ಲಿ ಎರಡೇ ಎಚ್ಚರ. ಪಾವತಿಯ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಳಿಸಬೇಡಿ, ಬ್ಯಾಂಕ್ ಖಾತೆಗೆ ಜಮಾ ಆಗಿದೆಯೇ ನೋಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿ ಎಂದವರು ನಿಮ್ಮ ಖಾತೆಯಿಂದ ಹಣ ಎಳೆಯುತ್ತಿದ್ದಾರೆ.

ದುಡ್ಡು ಕೊಟ್ಟು ತೋರಿಸುವುದು

‘ಬೂಸ್ಟ್’ ಒತ್ತಿದರೆ ಜಾಹೀರಾತು ಹರಾಜಿಗೆ ಹೋಗುತ್ತದೆ. ಅಲ್ಲಿ ಹೆಚ್ಚು ಹಣ ಇಟ್ಟವರೇ ಗೆಲ್ಲುವುದಿಲ್ಲ. ನೋಡಿದವರು ನೀವು ಬಯಸಿದ್ದನ್ನು ಮಾಡುವ ಸಾಧ್ಯತೆ ಎಷ್ಟು, ಜಾಹೀರಾತಿನ ಗುಣಮಟ್ಟ ಹೇಗಿದೆ ಎಂಬುದನ್ನೂ ಇನ್‌ಸ್ಟಾಗ್ರಾಂನ ಮಾಲೀಕ ಕಂಪನಿ ಮೆಟಾ ಕೂಡಿಸಿ ನೋಡುತ್ತದೆ. ಹಾಗಾಗಿ ದುಡ್ಡು ಹಾಕದೆಯೇ ಜನ ಕೊನೆಯವರೆಗೆ ನೋಡಿದ, ಬೆಲೆ ಕೇಳಿದ ವಿಡಿಯೊಗೆ ಹಣ ಹಾಕಿ. ಯಾರೂ ತಿರುಗಿ ನೋಡದ ವಿಡಿಯೊವನ್ನು ಬೂಸ್ಟ್ ಎತ್ತಿ ನಿಲ್ಲಿಸುವುದಿಲ್ಲ. ಗುರಿ ಆರಿಸುವಾಗ ಲೈಕ್ ಬದಲು ವಾಟ್ಸ್‌ಆ್ಯಪ್ ಸಂದೇಶ ಎಂದು ಆರಿಸಿರಿ. ಒತ್ತಿದವರು ನೇರ ನಿಮ್ಮ ಮಾತಿಗೇ ಬರುತ್ತಾರೆ.

ಹೆಸರಿರುವವರಿಗೆ ಸೀರೆ ಕೊಟ್ಟು ಉಡಿಸಿ ವಿಡಿಯೊ ಮಾಡಿಸುವುದೂ ಜಾಹೀರಾತೇ. ಹಣ ಕೊಡದೆ ಬರೀ ಸೀರೆ ಕೊಟ್ಟರೂ ಅದು ಜಾಹೀರಾತೆಂದು ಎದ್ದು ಕಾಣುವಂತೆ ಹೇಳಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಿಂದ ಹೇಳುತ್ತಿದೆ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪವರ್‌ಲೂಮಿನದನ್ನು ಕೈಮಗ್ಗದ್ದೆಂದು ಮಾರುವವರು ಇದನ್ನು ಮರೆಯಬಾರದು.

ಪಟ್ಟಿ ನಿಮ್ಮ ಕೈಯಲ್ಲಿರಲಿ

ಟಿಕ್‌ಟಾಕ್ ಹೋದಾಗ ಲಕ್ಷಗಟ್ಟಲೆ ಹಿಂಬಾಲಕರಿದ್ದವರೂ ಅವರೊಡನೆ ಮಾತಾಡುವ ದಾರಿ ಕಳೆದುಕೊಂಡರು. ಇವತ್ತಿನ ಖಾತೆಯೂ ಹ್ಯಾಕ್ ಆಗಬಹುದು, ಕಂಪನಿಯ ನಿಯಮ ಬದಲಾಗಬಹುದು. ಎರಡು ಹಂತದ ದೃಢೀಕರಣ ಇವತ್ತೇ ಹಾಕಿಕೊಳ್ಳಿ. ಗಿರಾಕಿಗಳ ಹೆಸರು, ನಂಬರ್, ಕೊಂಡ ಸೀರೆ, ಇಷ್ಟದ ಬಣ್ಣ ಇವನ್ನು ಅವರ ಒಪ್ಪಿಗೆ ಪಡೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಅದೇ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ. ಆರ್ಡರ್ ಬಂದಾಗಲೆಲ್ಲ ‘ನಮ್ಮ ಸೀರೆ ಎಲ್ಲಿ ನೋಡಿದ್ರಿ?’ ಎಂದು ಕೇಳಿ ಬರೆಯಿರಿ. ತಿಂಗಳ ಕೊನೆಗೆ ಹೆಚ್ಚು ಜನ ನೋಡಿದ ರೀಲ್‌ಗಳ ಪಕ್ಕಕ್ಕೆ ಈ ಕಾಲಂ ಇಟ್ಟು ನೋಡಿ. ಎರಡೂ ತಾಳೆಯಾಗದಿದ್ದರೆ, ಮುಂದಿನ ತಿಂಗಳ ಶ್ರಮ ಆ ಕಾಲಂ ತೋರಿಸಿದ ಕಡೆಗೇ ಹೋಗಲಿ.